ವರ್ಕ್‌ಶಾಪಿನ ಗೇಟಿನಲ್ಲಿ ಉಳಿದ ಚಪ್ಪಲಿಗಳು

ಮನೆ ಇದ್ದವರಿಗೆ ನಲ್ಲಿ ಸೋರುತ್ತದೆ, ಗಾಡಿ ಇದ್ದವರಿಗೆ ಟೈರು ಪಂಕ್ಚರಾಗುತ್ತದೆ. ಮನೆ ಮತ್ತು ಗಾಡಿ ಎರಡೂ ಒಂದೇ ಆಗಿದ್ದವರಿಗೆ ಎರಡೂ ಒಂದೇ ದಿನ ಆಗುತ್ತವೆ. ಇದನ್ನು ನಾನು ಏಳು ವರ್ಷ ಅನುಭವಿಸಿ ಹೇಳುತ್ತಿದ್ದೇನೆ.

ತೊಂಬತ್ತರ ದಶಕ ಮುಗಿಯುತ್ತಿದ್ದಾಗ ಪುಣೆಯ ಒಬ್ಬ ಗಾಡಿ ಡೀಲರನಿಗೆ ಒಂದು ಹುರುಪು ಬಂತು. ಸಾದಾ ವ್ಯಾನಿನೊಳಗೆ ಮಡಚುವ ಹಾಸಿಗೆ, ಗ್ಯಾಸಿನ ಒಲೆ, ನೀರಿನ ಟಾಕಿ, ಒಂದು ಪುಟ್ಟ ಸಿಂಕು ಕೂಡಿಸಿ, 'ಕ್ಯಾಂಪರ್' ಎಂದು ಹೆಸರಿಟ್ಟು ಮಾರಾಟಕ್ಕೆ ನಿಲ್ಲಿಸಿದ. ಮೂರೋ ನಾಲ್ಕೋ ಹೋದವು. ಅವುಗಳಲ್ಲಿ ಒಂದು ನಮ್ಮದು. ನಾನು ಶಾಲೆಯಲ್ಲಿ ಗಣಿತ ಕಲಿಸುವವಳು, ನನಗೆ ಅದು ಬೇಕಾಗಿರಲಿಲ್ಲ. ಕಾರ್ಖಾನೆಯಲ್ಲಿ ನಕ್ಷೆ ಬರೆಯುವ ಕೆಲಸದಲ್ಲಿದ್ದ ನಮ್ಮ ಯಜಮಾನರಿಗೆ ಬೇಕಾಗಿತ್ತು.

"ಲಾಡ್ಜಿನ ಹಾಸಿಗಿ ಬ್ಯಾಡ, ಹೋಟೆಲಿನ ಸಾರು ಬ್ಯಾಡ. ನಮ್ಮ ಮನಿ ನಮ್ಮ ಬೆನ್ನ ಮ್ಯಾಲೆ," ಎಂದರು.

"ಬಸವನಹುಳಾನೂ ಹಿಂಗ ಅಂತಿರಬೇಕು," ಎಂದೆ. ಅದನ್ನು ಅವರು ಒಪ್ಪಿಗೆ ಎಂದು ತಿಳಿದರು.

ಧಾರವಾಡದ ಕಡೆಯ ನಮ್ಮ ಮನೆದೇವರು ಮೈಲಾರಲಿಂಗ. ಇಲ್ಲಿ ಅವನೇ ಜೇಜುರಿಯ ಖಂಡೋಬಾ. ಗಾಡಿಯ ಮೊದಲ ಪ್ರಯಾಣ ಅಲ್ಲಿಗೇ, ಅದು ಮುಗಿಯುವ ತನಕ ಬೇರೆ ಯಾವ ಊರಿಗೂ ಇಲ್ಲ ಎಂದು ಯಜಮಾನರು ಹರಕೆ ಹೊತ್ತರು. ಪುಣೆಯಿಂದ ಬಸ್ಸು ಹತ್ತಿ ಬೆಳಿಗ್ಗೆ ಜೇಜುರಿಗೆ ಹೋದವರು ಮಧ್ಯಾಹ್ನದ ಊಟಕ್ಕೆ ಮನೆಗೆ ಬರಬಹುದು. ನಮ್ಮ ಗಾಡಿಗೆ ಮುಟ್ಟಲು ಏಳು ವರ್ಷ ಬೇಕಾಯಿತು. ಅಷ್ಟು ಕಾಲ ಅದು ಎಲ್ಲಿತ್ತು ಎಂದರೆ, ಬಹುಪಾಲು ಡೀಲರನ ವರ್ಕ್‌ಶಾಪಿನಲ್ಲಿತ್ತು. ಅಲ್ಲಿನ ಮಾತೆಲ್ಲ ಮರಾಠಿಯಲ್ಲಿ ನಡೆಯುತ್ತಿತ್ತು. ನನ್ನ ಕಿವಿಗೆ ಬಿದ್ದ ಹಾಗೆ ಕನ್ನಡದಲ್ಲಿ ಬರೆದಿದ್ದೇನೆ.

ಡೆಲಿವರಿ

ಗಾಡಿ ಕೈಗೆ ಬಂದ ದಿನ ಶೋರೂಮಿನ ಮುಂದೆಯೇ ಪೂಜೆ ಆಯಿತು, ತೆಂಗಿನಕಾಯಿ ಒಡೆಯಿತು, ಚಕ್ರದ ಕೆಳಗೆ ನಿಂಬೆಹಣ್ಣು ಅಪ್ಪಚ್ಚಿಯಾಯಿತು. ಒಲೆಯ ಮೇಲಿನ ಗೂಡಿನಲ್ಲಿ ನಾನು ಖಂಡೋಬಾನ ಚಿಕ್ಕ ಪಟ ಇಟ್ಟೆ. ಆಮೇಲೆ ಒಂದೇ ಒಂದು ನಿಯಮ ಹೇಳಿದೆ: ಅಡಿಗೆ ಮಾಡುವ ಜಾಗ, ದೇವರಿರುವ ಜಾಗ, ಒಳಗೆ ಚಪ್ಪಲಿ ಹಾಕಿಕೊಂಡು ಯಾರೂ ಬರಬಾರದು.

ಡೀಲರ್ ಕಡೆಯ ಮ್ಯಾನೇಜರು ಸೂಟು ಹಾಕಿಕೊಂಡು ಬಂದಿದ್ದರು. ಬಹಳ ಸಂಭಾವಿತರು. ಬಾಗಿಲಲ್ಲಿ ಬೂಟು ಬಿಚ್ಚಿಟ್ಟು ಒಳಗೆ ಬಂದು, ಹಾಸಿಗೆ ಹೇಗೆ ಮಡಚುವುದು, ಟಾಕಿಗೆ ನೀರು ಎಲ್ಲಿ ತುಂಬುವುದು ಎಂದು ನನಗೆ ತೋರಿಸತೊಡಗಿದರು. ಮುಂದಿನ ಸೀಟಿನಲ್ಲಿದ್ದ ಯಜಮಾನರಿಗೆ ತಡೆಯಲಾಗಲಿಲ್ಲ. "ಹೋಗತಾ ಹೋಗತಾ ತೋರಿಸ್ರಿ," ಎಂದು ಗಾಡಿ ಹೊರಡಿಸಿಯೇ ಬಿಟ್ಟರು. ಕೋಥರೂಡಿನ ನಮ್ಮ ಹೌಸಿಂಗ್ ಸೊಸೈಟಿ ಮುಟ್ಟಿದ ಮೇಲೆ ಮ್ಯಾನೇಜರು ಕೆಳಗಿಳಿಯಲು ಕಾಲು ಚಾಚಿ, ಬೂಟು ಹುಡುಕಿದರು. ಬೂಟು ಶೋರೂಮಿನ ಮುಂದೆ ಇತ್ತು.

ಸೂಟು, ಟೈ, ಬರೀ ಕಾಲುಚೀಲ. ಹೀಗೆ ರಸ್ತೆಯಲ್ಲಿ ನಿಂತವರನ್ನು ನೋಡಿ ರಿಕ್ಷಾದವನಿಗೆ ಕರುಣೆ ಬಂತು. "ಯಾವ ಗುಡಿಯಾಗ ಹೋದವು ಸಾಹೇಬ್ರ? ಹೋಗಲಿ ಬಿಡ್ರಿ. ಗುಡಿ ಮುಂದ ಚಪ್ಪಲಿ ಹೋದ್ರ ಪೀಡಾ ಹೋತು ಅಂತಾರ."

ಮ್ಯಾನೇಜರು ನಮ್ಮ ಗಾಡಿಯನ್ನೊಮ್ಮೆ, ನಮ್ಮನ್ನೊಮ್ಮೆ ನೋಡಿದರು. "ಪೀಡಾ ಹೋಗಿಲ್ಲಪ್ಪಾ. ಇನ್ನೂ ವಾರಂಟಿಯೊಳಗ ಅದ."

ದಿವೇ ಘಾಟಿನ ಮಜ್ಜಿಗೆ

ಮುಂದಿನ ಭಾನುವಾರವೇ ಜೇಜುರಿಗೆ ಹೊರಟೆವು. ದಿವೇ ಘಾಟು ಅರ್ಧ ಏರುವಷ್ಟರಲ್ಲಿ ಗಾಡಿಯ ಮೂತಿಯಿಂದ ಹೊಗೆ ಬಂತು. ರೇಡಿಯೇಟರಿನಲ್ಲಿ ನೀರು ಮುಗಿದಿತ್ತು. ಹಾಕೋಣವೆಂದರೆ ಅಡಿಗೆಯ ಟಾಕಿಯೂ ಕೆಳಗೆ ಸೋರಿ ಬರಿದಾಗಿತ್ತು. ಉಳಿದದ್ದು ಊಟಕ್ಕೆಂದು ನಾನು ಮಾಡಿಟ್ಟಿದ್ದ ಒಂದು ದೊಡ್ಡ ಕ್ಯಾನು ಮಜ್ಜಿಗೆ ಮಾತ್ರ.

"ಬ್ಯಾಡ್ರಿ, ಅದಕ್ಕ ಒಗ್ಗರಣಿ ಹಾಕೇನಿ," ಎಂದೆ.

"ನೀ ಮಾಡಿದ ಮಜ್ಜಿಗಿ ನನಗ ಗೊತ್ತಿಲ್ಲೇನು? ನೀರ ಅದು," ಎಂದು ಇಂಜಿನ್ ಆರಲು ಬಿಟ್ಟು, ಆಮೇಲೆ ಪೂರ್ತಿ ಸುರಿದರು.

ಗಾಡಿ ನಡೆಯಿತು. ಆದರೆ ಹಿಂದಕ್ಕೆ, ಇಳಿಜಾರಿನ ಕಡೆಗೆ, ವರ್ಕ್‌ಶಾಪಿಗೆ.

ಅಲ್ಲಿಯ ಹಿರಿಯ ಮಿಸ್ತ್ರಿ ಮಿತಭಾಷಿ. ಮರಾಠಿಯಲ್ಲಿ ಶಿಕ್ಷಕಿಯರನ್ನು ಕರೆಯುವಂತೆ ನನ್ನನ್ನು 'ಬಾಯಿ' ಎಂದೇ ಕರೆಯುತ್ತಿದ್ದ. ಆ ದಿನ ರೇಡಿಯೇಟರ್ ಬಿಚ್ಚಿ ತುಂಬ ಹೊತ್ತು ಒಳಗೆ ನೋಡಿದ. ಮೂಸಿ ನೋಡಿದ. ಎರಡು ಬೆರಳು ತೂರಿಸಿ ಏನನ್ನೋ ಎಳೆದು ನನ್ನ ಮುಂದೆ ಹಿಡಿದ. ಒಂದು ಎಸಳು ಕರಿಬೇವು.

"ಬಾಯಿ, ಇದಕ್ಕ ಕೊತ್ತಂಬರಿ ಹಾಕೂದು ಮರೆತೀರಿ."

ಸ್ನೇಹ ಸಮ್ಮೇಳನ

ಎರಡು ವರ್ಷ ಕಳೆದವು. ಜೇಜುರಿಗೆ ಇನ್ನೂ ಕೆಲವು ಸಲ ಹೊರಟೆವು, ಇನ್ನೂ ಕೆಲವು ಸಲ ತಿರುಗಿ ಬಂದೆವು. ಕ್ಲಚ್ಚು, ಬೆಲ್ಟು, ಡೈನಮೋ. ಘಾಟಿನ ಬುಡದ ಚಹಾ ಅಂಗಡಿಯವನು ನಮ್ಮನ್ನು ಕಂಡರೆ ಕೇಳದೆಯೇ ವರ್ಕ್‌ಶಾಪಿಗೆ ಫೋನು ಹಚ್ಚುತ್ತಿದ್ದ.

ಆಗ ಡೀಲರನ ಕಡೆಯಿಂದ ಕರೆಯೋಲೆ ಬಂತು. ಕ್ಯಾಂಪರ್ ಮಾಲೀಕರ ಸ್ನೇಹ ಸಮ್ಮೇಳನ. ತಮ್ಮ ತಮ್ಮ ಗಾಡಿಯೊಂದಿಗೆ ಕುಟುಂಬ ಸಮೇತ ಬರಬೇಕು, ವರ್ಕ್‌ಶಾಪಿನ ಅಂಗಳದಲ್ಲಿ ಉಪಾಹಾರ ಉಂಟು.

ನಾವು ಸಿಟಿ ಬಸ್ಸಿನಲ್ಲಿ ಹೋದೆವು. ಒಬ್ಬರು ಸ್ಕೂಟರಿನಲ್ಲಿ ಬಂದರು. ಇನ್ನೊಂದು ಕುಟುಂಬ ರಿಕ್ಷಾದಿಂದ ಇಳಿಯಿತು. ಒಬ್ಬರ ಮುಖ ಒಬ್ಬರು ನೋಡಿದೆವು.

ಗಾಡಿಗಳೆಲ್ಲ ನಮಗಿಂತ ಮೊದಲೇ ಬಂದಿದ್ದವು. ಒಂದು ವಾರ ಮೊದಲು, ಎರಡು ವಾರ ಮೊದಲು. ಬಾನೆಟ್ಟು ತೆರೆದುಕೊಂಡು ಸಾಲಾಗಿ ನಿಂತಿದ್ದವು. ಮ್ಯಾನೇಜರು ಮೈಕು ಹಿಡಿದು ಸಂತೋಷದಿಂದ ಹೇಳಿದರು: "ಹಾಜರಿ ನೂರಕ್ಕೆ ನೂರು!"

ಮೇಲಿನ ಮನೆ

ಅಷ್ಟರಲ್ಲಿ ನನ್ನ ಚಪ್ಪಲಿಯ ನಿಯಮ ವರ್ಕ್‌ಶಾಪಿನ ನಿಯಮವೇ ಆಗಿಬಿಟ್ಟಿತ್ತು. ಮಿಸ್ತ್ರಿ ಸ್ಪ್ಯಾನರ್ ಹಿಡಿದು ಬಂದರೂ ಮೊದಲು ಚಪ್ಪಲಿ ಕಳಚುತ್ತಿದ್ದ. ಬೆಳಗಾವಿಯ ಕಡೆಯ ಸರ್ವಿಸ್ ಅಡ್ವೈಜರ್, ಅಂದರೆ ಗಾಡಿ ಒಳಗೆ ತೆಗೆದುಕೊಳ್ಳುವ, ನಮ್ಮ ದೂರು ಕೇಳುವ ಹುದ್ದೆಯವನು, ಬೂಟಿನ ಲೇಸು ಬಿಚ್ಚುತ್ತ ನಮ್ಮ ದೂರು ಕೇಳುತ್ತಿದ್ದ. ಎಲ್ಲರೂ ಬಿಚ್ಚುತ್ತಿದ್ದುದು ಗೇಟಿನ ಹತ್ತಿರ. ಗಾಡಿ ಟ್ರಯಲ್ಲಿಗೆ ಹೋದಾಗ ಚಪ್ಪಲಿ ಅಲ್ಲೇ ಉಳಿಯುತ್ತಿತ್ತು. ವಾಚ್‌ಮನ್ ಅಜ್ಜ ಅವನ್ನೆಲ್ಲ ಎತ್ತಿ ತನ್ನ ಕೋಣೆಯ ಕಿಟಕಿಯ ಕೆಳಗಿನ ಕಟ್ಟೆಯ ಮೇಲೆ ಜೋಡಿಸಿಡುತ್ತಿದ್ದ. ಇದರಿಂದ ಒಂದು ತೊಂದರೆಯಾಯಿತು. ಹೊರಗೆ ಚಪ್ಪಲಿ ಇದ್ದರೆ ಒಳಗೆ ಜನ ಇದ್ದಾರೆ ಎಂಬ ಅರ್ಥ ಆ ವರ್ಕ್‌ಶಾಪಿನಲ್ಲಿ ಯಾರಿಗೂ ಉಳಿಯಲಿಲ್ಲ.

ಒಂದು ದಿನ ಶಾಲೆಗೆ ರಜೆ. ಸರ್ವಿಸ್ ಮುಗಿಯಲು ಸಂಜೆಯಾಗುತ್ತದೆ ಎಂದರು. ಯಜಮಾನರು ಚಹಾ ಕುಡಿಯಲು ಹೋದರು. ನಾನು ಗಾಡಿಯೊಳಗೆ ಪಲ್ಯ ಮುಗಿಸಿ, ಒಲೆ ಆರಿಸಿ, ಬುತ್ತಿ ಕಟ್ಟುತ್ತಿದ್ದೆ. ನೆಲ ಸ್ವಲ್ಪ ಅಲುಗಾಡಿತು. ಕಿಟಕಿಯ ಹೊರಗೆ ಮನುಷ್ಯರ ತಲೆಗಳು ಕಂಡವು, ಆಮೇಲೆ ತಲೆಯ ನೆತ್ತಿಗಳು ಕಂಡವು. ಗಾಡಿಯನ್ನು ಲಿಫ್ಟಿನ ಮೇಲೆ ಎತ್ತಿಬಿಟ್ಟಿದ್ದರು. ನಾನು ಕೂಗುವಷ್ಟರಲ್ಲಿ ಕರೆಂಟು ಹೋಯಿತು.

ಮಿಸ್ತ್ರಿ ಕೆಳಗಿನಿಂದ ಮುಖ ಎತ್ತಿದ. "ಬಾಯಿ, ನೀವು ಒಳಗಿದ್ದೀರಿ ಅಂತ ಯಾರಿಗೂ ಗೊತ್ತಾಗಲಿಲ್ಲ."

"ಚಪ್ಪಲಿ ಹೊರಗಿದ್ದವು," ಎಂದೆ.

"ಅವು ದಿನಾ ಇರ್ತಾವ."

ಕರೆಂಟು ಬಾರದೆ ಇಳಿಸಲು ಬಾರದಂತೆ. ಏಣಿ ತರುತ್ತೇವೆಂದರು, ಸೀರೆಯುಟ್ಟು ಏಣಿ ಇಳಿಯಲಾರೆ ಎಂದೆ. ಕಿಟಕಿಯ ಪಕ್ಕದಲ್ಲಿ ಕೂತು ಪರೀಕ್ಷೆಯ ಉತ್ತರಪತ್ರಿಕೆ ತಿದ್ದತೊಡಗಿದೆ. ಅಷ್ಟರಲ್ಲಿ ಯಜಮಾನರು ಬಂದರು. ಗಾಡಿ ನೋಡಿದರು, ನನ್ನನ್ನು ನೋಡಿದರು. ಗಾಬರಿಯಾಗುತ್ತಾರೆ ಎಂದುಕೊಂಡೆ. ಅವರು ಮಿಸ್ತ್ರಿಯ ಮೇಜಿನ ಮೇಲಿದ್ದ ಖಾಲಿ ಚಹಾದ ಕಪ್ಪು ಎತ್ತಿ ಹಿಡಿದು ಕೂಗಿದರು:

"ಏನ್ರೀ ಮ್ಯಾಲಿನ ಮನಿಯವರ, ಒಂದ್ ವಾಟಿ ಸಕ್ಕರಿ ಸಿಗತದೇನ್ರಿ?"

ಹತ್ತಕ್ಕೆ ಎಷ್ಟು

ಆರನೆಯ ವರ್ಷ ದಸರೆಗೆ ಮೊದಲು ಯಜಮಾನರು ಗಾಡಿಯನ್ನು ಸರ್ವಿಸಿಗೆ ಒಯ್ದರು. ಹಬ್ಬದ ರಜೆಯಲ್ಲಿ ಜೇಜುರಿ ಮುಟ್ಟಿಯೇ ತೀರುವುದೆಂದು ಹೇಳಿ ಹೋಗಿದ್ದರು. ಬ್ರೇಕು ಪರೀಕ್ಷಿಸಲು ಅಡ್ವೈಜರನ ಜೊತೆ ಒಂದು ಸುತ್ತು ಹೊರಟವರು ಗೇಟಿನಲ್ಲಿ ಚಪ್ಪಲಿ ಕಳಚಿ ಗಾಡಿ ಹತ್ತಿದರು. ದಾರಿಯಲ್ಲಿ ಎದೆ ಹಿಡಿದುಕೊಂಡರು. ಅಡ್ವೈಜರ್ ಗಾಡಿಯನ್ನು ನೇರವಾಗಿ ಆಸ್ಪತ್ರೆಗೆ ತಿರುಗಿಸಿದ. ಗಾಡಿ ಎಲ್ಲಿಯೂ ನಿಲ್ಲದೆ, ಒಮ್ಮೆಯೂ ಕೆಮ್ಮದೆ ಓಡಿತಂತೆ. ಅಲ್ಲಿಯ ತನಕ ಅದು ಹಾಗೆ ಓಡಿದ್ದು ಆ ದಿನ ಒಂದೇ. ಯಜಮಾನರು ತಿರುಗಿ ಬರಲಿಲ್ಲ.

ಗಾಡಿ ಬಹಳ ತಿಂಗಳು ವರ್ಕ್‌ಶಾಪಿನಲ್ಲೇ ನಿಂತಿತ್ತು. ಕೊನೆಗೆ ಅದನ್ನು ಮನೆಗೆ ತರಿಸಲು ನಾನು ಹೋದೆ. ವಾಚ್‌ಮನ್ ಅಜ್ಜ ಎದ್ದು ನಿಂತು, ಕಟ್ಟೆಯ ಕಡೆ ಕೈ ತೋರಿಸಿದ. ಯಜಮಾನರ ಚಪ್ಪಲಿ ಧೂಳು ಒರೆಸಿದಂತೆ ಶುಭ್ರವಾಗಿತ್ತು.

"ಇಟ್ಟೀನಿ ಬಾಯಿ. ಒಯ್ಯತೀರೇನು?"

ಅದನ್ನು ಒಯ್ದು ಎಲ್ಲಿಡುವುದು, ನನಗೆ ತಿಳಿಯಲಿಲ್ಲ. "ಇರಲಿ. ಜೇಜುರಿಗೆ ಹೋಗುವಾಗ ಒಯ್ಯತೀನಿ," ಎಂದೆ. ಏನಾದರೂ ಹೇಳಬೇಕಲ್ಲ ಎಂದು ಹೇಳಿದ ಮಾತು. ಅಜ್ಜ ತಲೆಯಾಡಿಸಿ ಕೂತ.

ಗಾಡಿ ಮನೆಗೆ ಬಂದ ಮರುದಿನ ಫೋನು ಬಂತು. ಡೀಲರನ ಕಡೆಯಿಂದ ಒಬ್ಬ ಹುಡುಗಿ, ಹೊಸಬಳು. ಸರ್ವಿಸ್ ಹೇಗಾಯಿತೆಂದು ಗಿರಾಕಿಗಳನ್ನು ಕೇಳುವುದು ಅವಳ ಕೆಲಸ.

"ಸರ್ ಇದ್ದಾರೇನ್ರಿ?"

"ಇಲ್ಲ."

"ಯಾವಾಗ ಬರತಾರ?"

"ಬರೂದಿಲ್ಲ."

"ಹಂಗಾದ್ರ ಸಂಜಿ ಮುಂದ ಮಾಡ್ಲೇನ್ರಿ?"

"ತೀರಿಕೊಂಡಾರವ್ವಾ," ಎಂದೆ.

ಪಾಪ, ಇಂಥ ಉತ್ತರಕ್ಕೆ ಏನು ಕೇಳಬೇಕೆಂದು ಅವಳಿಗೆ ಯಾರೂ ಕಲಿಸಿರಲಿಲ್ಲ. ಕಲಿಸಿದ್ದನ್ನೇ ಕೇಳಿದಳು.

"ಸರ್ ನಮ್ಮ ಸರ್ವಿಸಿಗೆ ಹತ್ತಕ್ಕ ಎಷ್ಟು ಕೊಡತಿದ್ರು ಮ್ಯಾಡಮ್?"

ಅಂಕ ಕೇಳಿದರೆ ಕೊಡದೆ ಇರುವ ಅಭ್ಯಾಸ ನನಗಿಲ್ಲ. "ಅವರಾದ್ರ ಹತ್ತು ಕೊಡತಿದ್ರು. ನಾನು ಆರು ಕೊಡತೀನಿ."

"ನಾಕು ಯಾಕ ಕಡಿಮಿ ಮ್ಯಾಡಮ್?"

"ಗಾಡಿ ಇನ್ನೂ ಜೇಜುರಿ ಮುಟ್ಟಿಲ್ಲ."

ಕೀಲಿಮಣೆ ಕುಟ್ಟುವ ಸದ್ದು ಕೇಳಿಸಿತು. ಪೂರ್ತಿ ಬರೆದುಕೊಂಡಳು. ಕೊನೆಗೆ ಬಾಯಿಪಾಠದ ಮಾತು ಬಂತು: "ಸರ್‌ಗೆ ನಮ್ಮ ಕಡಿಂದ ಶುಭ ದಿನ ಅಂತ ಹೇಳ್ರಿ."

ಹೇಳುತ್ತೇನೆ ಎಂದೆ. ಫೋನು ಇಟ್ಟು, ಅವರ ಪಟದ ಮುಂದೆ ನಿಂತು ಹೇಳಿದೆ ಕೂಡ.

ಮುಟ್ಟಿದವರು

ಮುಂದಿನ ಬೇಸಿಗೆಗೆ ಗಾಡಿ ಮಾರಲು ನಿರ್ಧರಿಸಿದೆ. ಸೊಸೈಟಿಯವರಿಗೆ ಅದು ನಿಂತ ಜಾಗ ಬೇಕಾಗಿತ್ತು, ನನಗೆ ದಿನವೂ ಅದರ ಪಕ್ಕದಲ್ಲಿ ಹಾದುಹೋಗುವುದು ಸಾಕಾಗಿತ್ತು. ಬಾರಾಮತಿಯ ಒಬ್ಬ ಅಡಿಗೆ ಕಾಂಟ್ರಾಕ್ಟರ್ ಸೋಮವಾರ ಬಂದು ಒಯ್ಯುತ್ತೇನೆಂದ. (ಒಯ್ದ ಕೂಡ. ಒಳಗೆ ಒಲೆ ನೋಡಿ, ಯಾರೂ ಹೇಳದೆಯೇ ಚಪ್ಪಲಿ ಬಿಟ್ಟು ಹತ್ತಿದ. ಅವು ನಮ್ಮ ಸೊಸೈಟಿಯ ಗೇಟಿನಲ್ಲೇ ಉಳಿದವು.) ಹರಕೆಯ ಮಾತು ಮನಸ್ಸಿನಲ್ಲಿತ್ತು. ಆದರೆ ಒಬ್ಬಳೇ ಆ ಗಾಡಿ ತೆಗೆದುಕೊಂಡು ಘಾಟು ಏರುವ ಶಕ್ತಿ ಉಳಿದಿರಲಿಲ್ಲ. ತೀರದ ಹರಕೆಗಳು ಜಗತ್ತಿನಲ್ಲಿ ಎಷ್ಟಿಲ್ಲ, ಇದೂ ಒಂದು ಎಂದುಕೊಂಡೆ.

ಶುಕ್ರವಾರ ಸಂಜೆ ಬೆಳಗಾವಿಯ ಅಡ್ವೈಜರ್ ಮನೆಗೆ ಬಂದ. ಬಹಳ ಸೋತಂತಿದ್ದ.

"ಬಾಯಾರ, ನಿಮ್ಮ ಕಂಪ್ಲೇಂಟ್ ಕ್ಲೋಜ್ ಆಗವಲ್ದರಿ."

"ಯಾವ ಕಂಪ್ಲೇಂಟು? ನಾ ಏನೂ ಕೊಟ್ಟಿಲ್ಲಲ್ಲಪ್ಪಾ."

"ಫೋನಿನ್ಯಾಗ ಹೇಳೀರಲ್ಲರಿ, ಗಾಡಿ ಜೇಜುರಿ ಮುಟ್ಟಿಲ್ಲ ಅಂತ. ಆ ಹುಡುಗಿ ಅದನ್ನ ಕಂಪ್ಯೂಟರಿಗೆ ಹಾಕ್ಯಾಳ. ಪ್ರತಿ ಸೋಮವಾರ ಮ್ಯಾನೇಜರ್ ಸಾಹೇಬ್ರು ಮೀಟಿಂಗಿನ್ಯಾಗ ಓದತಾರ, 'ಜೇಜುರಿ ಯಾಕ ಮುಟ್ಟಿಲ್ಲ?' ಅಂತ ಎಲ್ಲಾರ ಮುಂದ ನನ್ನ ಬೈತಾರ. ಇಂಜಿನ್ ಬದಲಿ ಮಾಡಿದ್ರೂ ಅದು ಹೋಗೂದಿಲ್ಲ. ಮುಟ್ಟಿಸಿದ್ರನ ಹೋಗತದಂತರಿ."

"ಬಾರಾಮತಿಯವರಿಗೆ ಗಾಡಿ ಮಾರಿದ್ರ?"

"ಮಾರಿದ್ರೂ ಹೋಗೂದಿಲ್ರಿ. ಬಾರಾಮತಿಯವರ ಹೆಸರಿಗೆ ಹತ್ತತದ."

ನನಗಾಗಿ ಇಲ್ಲದಿದ್ದರೂ ಮೀಟಿಂಗಿಗಾಗಿ ಹೋಗಬೇಕಾಯಿತು. ಭಾನುವಾರ ಬೆಳಿಗ್ಗೆ ವರ್ಕ್‌ಶಾಪಿನ ಗೇಟಿನಲ್ಲಿ ಎಂದಿನಂತೆ ಚಪ್ಪಲಿ ಕಳಚಿ ಗಾಡಿ ಹತ್ತಿದೆವು. ಮಿಸ್ತ್ರಿ ಸ್ಟಿಯರಿಂಗ್ ಹಿಡಿದ. ಅಡ್ವೈಜರ್ ಎರಡು ಕ್ಯಾನು ನೀರು ಇಟ್ಟುಕೊಂಡು ಹಿಂದೆ ಕೂತ. ನಾನು ಮಜ್ಜಿಗೆಯ ತಂಬಿಗೆ ತಂದಿದ್ದೆ. ಮಿಸ್ತ್ರಿ ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ಗಟಗಟ ಕುಡಿದು, ಖಾಲಿ ತಂಬಿಗೆ ವಾಪಸು ಕೊಟ್ಟ. "ಈಗ ಭಯ ಇಲ್ಲ," ಎಂದ.

ಹೊರಡುವಾಗ ವಾಚ್‌ಮನ್ ಅಜ್ಜ ಓಡಿ ಬಂದು ಕಿಟಕಿಯಿಂದ ಒಂದು ಬಟ್ಟೆಯ ಚೀಲ ನನ್ನ ಮಡಿಲಿಗೆ ಹಾಕಿದ. "ಚಪ್ಪಲಿ ಇದರಾಗ ಅವ ಬಾಯಿ. ಈ ಸಲ ಮರೀಬ್ಯಾಡ್ರಿ."

ಏಳು ವರ್ಷಕ್ಕೆ ಒಬ್ಬನಿಗಾದರೂ ಇದು ಹೊಳೆಯಿತಲ್ಲ ಎಂದು ಮೂವರಿಗೂ ಸಮಾಧಾನವಾಯಿತು. ಚೀಲವನ್ನು ಕಾಲ ಬಳಿ ಇಟ್ಟುಕೊಂಡೆ.

ದಿವೇ ಘಾಟಿನ ಬುಡದಲ್ಲಿ ಚಹಾ ಅಂಗಡಿಯವನು ನಮ್ಮನ್ನು ಕಂಡು ಫೋನಿಗೆ ಕೈ ಹಾಕಿದ. ಅಡ್ವೈಜರ್ ಕಿಟಕಿಯಿಂದ, "ಬ್ಯಾಡೋ ಮಾರಾಯಾ, ನಾವ ಬಂದೇವಿ!" ಎಂದು ಕೂಗಿದ. ಗಾಡಿ ಏರಿತು. ಒಂದು ತಿರುವು, ಇನ್ನೊಂದು ತಿರುವು. ನೆತ್ತಿ ಮುಟ್ಟಿದಾಗ ಮಿಸ್ತ್ರಿ ಸ್ಟಿಯರಿಂಗಿಗೆ ಒಂದು ಕೈ ಮುಗಿದ. ಇನ್ನೊಂದು ಗೇರಿನ ಮೇಲಿತ್ತು.

ಜೇಜುರಿಯಲ್ಲಿ ಇಳಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಊರೆಲ್ಲ ಭಂಡಾರದ ಅರಿಸಿನ. ಮೂವರೂ ಅಭ್ಯಾಸಬಲದಿಂದ ಬರಿಗಾಲಿನಲ್ಲೇ ಕೆಳಗಿಳಿದೆವು. ಅಡ್ವೈಜರ್ ಕಾದ ಡಾಂಬರಿನ ಮೇಲೆ ಒಂದು ಕಾಲು ಬದಲಿಸಿ ಇನ್ನೊಂದು ಕಾಲಿನ ಮೇಲೆ ಕುಣಿಯತೊಡಗಿದ. ಭಂಡಾರ ಮಾರುವ ಮುದುಕಿ ನಮ್ಮ ಕಾಲು ನೋಡಿದಳು.

"ಬರಿಗಾಲಿನ ಹರಕಿ ಏನು? ಎಲ್ಲಿಂದ ಬಂದೀರಿ?"

"ಪುಣೆಯಿಂದ ಆಯೀ," ಎಂದ ಅಡ್ವೈಜರ್, ಕುಣಿಯುತ್ತಲೇ.

"ಅಯ್ಯೋ ನನ್ನಪ್ಪಾ! ಪುಣೆಯಿಂದ ಬರಿಗಾಲಿನಾಗ!" ಮುದುಕಿ ಬಾಗಿ ಅವನ ಪಾದಕ್ಕೆ ಕೈ ಹಚ್ಚಿದಳು. ಮಿಸ್ತ್ರಿಯ ಪಾದದಲ್ಲಿ ವರ್ಕ್‌ಶಾಪಿನ ಗ್ರೀಸು ವರ್ಷಗಳಿಂದ ಕೂತಿತ್ತು. ಅದನ್ನು ನೋಡಿ ಅವಳ ಕಣ್ಣಲ್ಲಿ ನೀರೇ ಬಂತು. "ನೋಡ್ರಿ, ನಡದು ನಡದು ಕಾಲು ಹೆಂಗ ಕರ್ರಗಾಗ್ಯಾವ!" ಎಂದು ಪಕ್ಕದವರನ್ನು ಕರೆದಳು. ನಾಲ್ಕಾರು ಹೆಂಗಸರು ಬಂದು ಮಿಸ್ತ್ರಿಯ ಕಾಲಿಗೆ ಅರಿಸಿನ ಹಚ್ಚಿದರು. ಮಿತಭಾಷಿ ಮಿಸ್ತ್ರಿ ಆಶೀರ್ವಾದ ಮಾಡಿಬಿಟ್ಟ.

ತಪ್ಪನ್ನು ತಪ್ಪೆಂದು ಹೇಳದೆ ನನಗಿರಲಾಗುವುದಿಲ್ಲ. "ಇಲ್ಲ ಅಜ್ಜೀ, ನಾವು ಗಾಡಿಯೊಳಗ ಬಂದೇವಿ," ಎಂದೆ.

ಮುದುಕಿ ನನ್ನನ್ನು ಕರುಣೆಯಿಂದ ನೋಡಿದಳು. "ಗಾಡಿಯೊಳಗ ಬಂದವರು ಚಪ್ಪಲಿ ಬಿಟ್ಟು ಬರತಾರೇನವ್ವಾ?"

ಆಗ ಚೀಲದ ನೆನಪಾಯಿತು. "ಅವ ಅಜ್ಜೀ, ನಮ್ಮ ಚಪ್ಪಲಿ ಅವ, ತೋರಸತೀನಿ," ಎಂದು ಗಾಡಿಯಿಂದ ಚೀಲ ತಂದು ಎಲ್ಲರ ಮುಂದೆ ಬಿಚ್ಚಿದೆ.

ಒಂದೇ ಜೊತೆ ಇತ್ತು. ಗಂಡಸರದು. ಎಣ್ಣೆ ಹಚ್ಚಿ ಒರೆಸಿದ್ದರು.

ವಾಚ್‌ಮನ್ ಅಜ್ಜ ನನ್ನ ಮಾತು ನೆನಪಿಟ್ಟಿದ್ದ. ಜೇಜುರಿಗೆ ಹೋಗುವಾಗ ಒಯ್ಯುತ್ತೇನೆ ಎಂದಿದ್ದೆನಲ್ಲ, ಕೊಟ್ಟು ಕಳಿಸಿದ್ದ. ಮಿಕ್ಕವರ ಚಪ್ಪಲಿಗೆ ಅವನು ಜವಾಬುದಾರನಲ್ಲ.

ಅಡ್ವೈಜರನ ಕುಣಿತ ನಿಂತಿತು. ಮಿಸ್ತ್ರಿ ತನ್ನ ಅರಿಸಿನದ ಕಾಲು ನೋಡಿಕೊಂಡ. ನನಗೆ ಮೊದಲು ಅಳು ಬಂತೋ ನಗು ಬಂತೋ, ಈಗಲೂ ಖಚಿತವಾಗಿ ಹೇಳಲಾರೆ. ನಾನು ಜೋರಾಗಿ ನಕ್ಕಿದ್ದನ್ನು ಅವರಿಬ್ಬರೂ ಅದೇ ಮೊದಲ ಸಲ ಕೇಳಿದ್ದು ಎಂದು ಅಡ್ವೈಜರ್ ಆಮೇಲೆ ಹೇಳಿದ. ಆ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತಿದೆ. ಗುಡಿಯ ಬಾಗಿಲ ಹೊರಗೆ ಬಿಟ್ಟು, ಒಳಗೆ ಹೋಗಿ, ಕೈ ಮುಗಿದು ಬಂದೆ.

ಮರುದಿನ ಆ ಹುಡುಗಿಯ ಫೋನು ಬಂತು. "ಮ್ಯಾಡಮ್, ಜೇಜುರಿ ಮುಟ್ಟಿದ್ರೇನ್ರಿ? ಕಂಪ್ಲೇಂಟ್ ಕ್ಲೋಜ್ ಮಾಡ್ಲೇನ್ರಿ?"

"ಮಾಡವ್ವಾ," ಎಂದೆ. "ನಾವು ಮೂವರು ಹೆಂಗೋ ಬರಿಗಾಲಿನಾಗ ಮುಟ್ಟಿದಿವಿ. ಸರಿಯಾಗಿ ಚಪ್ಪಲಿ ಸಮೇತ ಮುಟ್ಟಿದವರು ಅಂದ್ರ ಸರ್ ಒಬ್ಬರ."